ಪುಣೆಯಿಂದ ಗೋಕರ್ಣಕ್ಕೆ ಹೊರಟಿದ್ದೀರಾ? ಊರೊಳಗೆ ಓಡಾಡುವುದು ಹೇಗೆ, ಇಲ್ಲಿದೆ ಮಾಹಿತಿ

ವೀಕೆಂಡ್‌ಗೆ ಗೋಕರ್ಣಕ್ಕೆ ಹೊರಡುವ ಪುಣೆ ಕನ್ನಡಿಗರು ತಿಳಿದಿರಬೇಕಾದ ಅಂಶಗಳು ಇಲ್ಲಿವೆ.

ತಲುಪುವುದು: ಪುಣೆಯಿಂದ ಹುಬ್ಬಳ್ಳಿಗೆ ರೈಲು, ಬಸ್ ಎರಡೂ ಇವೆ. ಅಲ್ಲಿಂದ ಯಲ್ಲಾಪುರ ಮಾರ್ಗವಾಗಿ ಅಂಕೋಲಾಕ್ಕೆ ಬಂದು ಬಸ್ ಬದಲಿಸಬಹುದು. ಕೊಂಕಣ ರೈಲ್ವೆಯ ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ಸುಮಾರು 10 ಕಿ.ಮೀ. ದೂರದಲ್ಲಿದೆ. ರಾತ್ರಿ ಇಳಿಯುವವರು ಆಟೋವನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.

ಊರೊಳಗೆ: ಬಸ್ ನಿಲ್ದಾಣ, ರಥಬೀದಿ, ಮಹಾಬಲೇಶ್ವರ ದೇವಸ್ಥಾನ, ಕೋಟಿತೀರ್ಥ ಎಲ್ಲವೂ ನಡೆದೇ ಹೋಗುವಷ್ಟು ಹತ್ತಿರ. ಬೀದಿಗಳು ಕಿರಿದಾಗಿರುವುದರಿಂದ ಕಾರನ್ನು ಹೊರಗೇ ನಿಲ್ಲಿಸಿ.

ಬೀಚ್‌ಗಳಿಗೆ: ಕುಡ್ಲೆಗೆ ಗುಡ್ಡದ ಮೇಲಿಂದ ಕಾಲುದಾರಿ ಇದೆ. ಓಂ ಬೀಚ್‌ವರೆಗೆ ಆಟೋ ಹೋಗುತ್ತದೆ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಅಲ್ಲಿಂದ ಮುಂದೆ ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳಿಗೆ ಕಾಲ್ನಡಿಗೆ ಇಲ್ಲವೇ ದೋಣಿಯೇ ಗತಿ.

ಎಚ್ಚರ: ಬಂಡೆಯ ತುದಿಗೆ ಹೋದ ಪ್ರವಾಸಿಗರನ್ನು ಅಲೆ ಎಳೆದೊಯ್ದ ಘಟನೆಗಳು ಇಲ್ಲಿ ನಡೆದಿವೆ. ಮಳೆಗಾಲದಲ್ಲಿ ನೀರಿಗಿಳಿಯಬೇಡಿ, ಆಗ ದೋಣಿಯನ್ನೂ ನಂಬಿಕೊಳ್ಳುವಂತಿಲ್ಲ. ಕಾಡಿನ ಕಾಲುದಾರಿ ಕತ್ತಲಲ್ಲಿ ಅಪಾಯಕಾರಿ. ಆದ್ದರಿಂದ ವಾಪಸ್ ಬರುವ ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಕೇಳಿಕೊಂಡೇ ದೋಣಿ ಇಳಿಯಿರಿ.