ಹಿತ್ತಲದ ಬಿಳಿ ದ್ರಾಕ್ಷಿ ಬಂದ ದಾರಿ

ನಮ್ಮ ಜತ್ತ ತಾಲೂಕಿನ ಊರಾಗ ಕೆಲವರ ಹಿತ್ತಲದಾಗ, ಬಚ್ಚಲ ಮೋರಿ ಬಾಜು, ಒಂದು ದ್ರಾಕ್ಷಿ ಬಳ್ಳಿ ಇರತೈತಿ. ಬಿಳಿ ದ್ರಾಕ್ಷಿ ಅಂತೀವಿ. ಖರೇ ನೋಡಿದರ ಅದು ಹಸರು, ಹಣ್ಣಾದ ಮ್ಯಾಲ ಜೇನಿನ ಬಣ್ಣ. ಕರಿ ಅಲ್ಲದ್ದಕ್ಕ ಬಿಳಿ ಅಂದುಬಿಡೂದು ನಮ್ಮ ರೂಢಿ.

ನಾನು ಡೊಳ್ಳಿನ ಪದ ಹಾಡಾಂವ. ನನಗ ಬರೂ ಹಳೀ ಪದದಾಗ ಜೋಳ, ಸಜ್ಜಿ, ಎಳ್ಳು ಬರ್ತಾವ. ಬೀಜ ಇಲ್ಲದ ದ್ರಾಕ್ಷಿ ಒಂದರಾಗೂ ಇಲ್ಲ. ರಾಜರ ಇತಿಹಾಸ ಸಾಲಿ ಪುಸ್ತಕದಾಗ ಐತಿ, ಈ ಬಳ್ಳೀದು ಯಾರು ಬರೀಬೇಕು?

ದಖ್ಖಣಕ್ಕ ದ್ರಾಕ್ಷಿ ಹೊಸದಲ್ಲ. 14ನೇ ಶತಮಾನದಾಗ ಇಬ್ನ್ ಬತೂತಾ ಅನ್ನೂ ಪ್ರವಾಸಿ ದೌಲತಾಬಾದಕ್ಕ ಬಂದಿದ್ದ. ಅಲ್ಲಿ ದ್ರಾಕ್ಷಿ, ದಾಳಿಂಬ ವರ್ಷಕ್ಕ ಎರಡು ಸಲ ಫಲ ಕೊಡ್ತಾವ ಅಂತ ಬರದಾನ. ಬಳ್ಳಿ ಬೆಳಸಿದವರಿಗೆ ಈ ಮಾತು ಲಗೂನ ತಿಳಿತೈತಿ. ಥಂಡಿ ದೇಶದಾಗ ಅದು ಚಳಿಗಾಲಕ್ಕ ಎಲಿ ಉದುರಿಸಿ ಮಲಗತೈತಿ. ನಮ್ಮಲ್ಲಿ ಮಲಗೂದೇ ಇಲ್ಲ, ಹಂಗ ಬಿಟ್ಟರ ಬರೇ ಎಲಿ. ಅದಕ್ಕ ಅದರ ವರ್ಷ ನಾವೇ ಕತ್ತರಿಯಿಂದ ಗೊತ್ತು ಮಾಡಬೇಕು. ಯುಗಾದಿ ಆದ ಮ್ಯಾಲ ಒಂದು ಛಾಟನಿ, ಆಗ ಕೊಂಬಿಗೆ ಒಂದೋ ಎರಡೋ ಕಣ್ಣು ಬಿಟ್ಟು ಕತ್ತರಸ್ತೀವಿ. ಹೊಸ ಕಡ್ಡಿಗೆ ಬಿಸಲು ಬೀಳಬೇಕು, ಯಾಕಂದರ ಮುಂದಿನ ಗೊನಿ ಆ ಬ್ಯಾಸಗೀ ಬಿಸಲಾಗನ ಕಣ್ಣೊಳಗ ಕಟ್ಟತೈತಿ. ದಸರಾ ಸುಮಾರಿಗೆ ಇನ್ನೊಂದು ಛಾಟನಿ. ಅದು ಆಗಿ ನಾಕು ನಾಕೂವರಿ ತಿಂಗಳಿಗೆ, ಶಿವರಾತ್ರಿ ಹೊತ್ತಿಗೆ ಹಣ್ಣು. ಹಿಂಗ ಎರಡು ಛಾಟನಿ ಮಾಡಿ ಒಂದ ಫಲ ತಗೋತೀವಿ.

ಈಗಿನ ಬೀಜ ಇಲ್ಲದ ತಳಿ ಬ್ಯಾರೆ ದಾರಿಯಿಂದ ಬಂತು. ಇರಾಣ, ತುರ್ಕಸ್ತಾನದ ಕಡೆ ಹಳೇದು, ಸುಲ್ತಾನಾ ಅಂತಾರ. 1870ರ ದಶಕದಾಗ ಕ್ಯಾಲಿಫೋರ್ನಿಯಾದಾಗ ವಿಲಿಯಂ ಥಾಮ್ಸನ್ ಅನ್ನಾಂವ ಬೆಳಸಿದ. ಅಲ್ಲಿಂದ ಥಾಮ್ಸನ್ ಸೀಡ್‌ಲೆಸ್ ಅನ್ನೂ ಹೆಸರು ಅಂಟಿಕೊಂತು. ಬಳ್ಳಿ ಅವನದಲ್ಲ, ಹೆಸರಷ್ಟ ಅವನದು.

ನನಗ ಬಾಳ ಹಿಡಸೂದು ಇದರ ಮುಂದಿನ ಸಂಗತಿ. ದ್ರಾಕ್ಷಿಯೊಳಗ ಒಮ್ಮೊಮ್ಮೆ ಒಂದೇ ಬಳ್ಳಿಯ ಒಂದೇ ಕೊಂಬಿ ಬ್ಯಾರೆ ತರಹದ ಕಾಯಿ ಬಿಡತೈತಿ. ಸಾವಿರ ಮಂದಿ ನೋಡಿ ಹಣ್ಣು ತಿಂದು ಮುಂದ ಹೋಗ್ತಾರ. ತಾಸಗಾಂವ ತಾಲೂಕಿನ ಬೋರಗಾಂವದ ವಸಂತರಾವ ಆರ್ವೆ ನಿಂತು ನೋಡಿದರು, ಕಡ್ಡಿ ಕಾಯ್ದರು. ಅದು ತಾಸ-ಎ-ಗಣೇಶ ಆತು. ಸೊಲ್ಲಾಪುರದ ಹಂತೇಲಿ ನಾನ್ನಜದಾಗ ನಾನಾಸಾಹೇಬ ಕಾಳೆ ಉದ್ದಕಾಯಿದು ಆರಿಸಿದರು. ಅದು ಸೋನಾಕಾ. ಎರಡೂ ಥಾಮ್ಸನ್ನಿನ ಮಕ್ಕಳ. ಇವತ್ತು ನಮ್ಮ ಹೊಲದಾಗ ಇರೂದು, ಮಣೂಕಾ ಆಗಿ ಒಣಗೂದು ಹೆಚ್ಚಿಂದು ಇಂಥವ. ನಾಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಮಣೂಕಾ. ರೈತನ ಕಣ್ಣಿನ ಬೆಲಿ ಇದರಾಗ ಐತಿ. ಮಾಸ್ತರ ಮಂದಿ ಮಕ್ಕಳಿಗೆ ಇದನ್ನೂ ಹೇಳಬೇಕು.

ನಮ್ಮದು ಬರದ ತಾಲೂಕು. ಬೋರು ಬತ್ತಿ ತೋಟ ಕಿತ್ತವರು ನಮ್ಮೂರಾಗ ಬಾಳ. ನಾನೂ ಒಂದು ಎಕರೆ ಕಿತ್ತೀನಿ. ಕಲ್ಲಿನ ಕಂಬ ಮಾರಿದ ದಿವಸ ನಮ್ಮಾಕಿ ಊಟ ಮಾಡಲಿಲ್ಲ. ಹಿತ್ತಲದ ಬಳ್ಳಿ ಮಾತ್ರ ಬಚ್ಚಲ ನೀರಿಗೆ ಉಳೀತು. ಅದು ಹಳೇ ಥಾಮ್ಸನ್. ಕಾಯಿ ಸಣ್ಣವು, ಪ್ಯಾಟಿಯಾಗ ಯಾರೂ ಕೇಳೂದಿಲ್ಲ, ರುಚಿ ಮಾತ್ರ ಹೊಸಾವಕ್ಕಿಂತ ಮ್ಯಾಲ. ಇದು ನನ್ನ ನಾಲಿಗಿ ಹೇಳೂ ಮಾತು, ಒಪ್ಪದವರು ಬಂದು ತಿಂದು ನೋಡ್ರಿ.

ಊರಾಗ ಹೊಸ ಮನಿ ಕಟ್ಟೂರೆಲ್ಲ ಹಿತ್ತಲಕ್ಕ ಸಿಮೆಂಟ ಬಡೀಲಾಕ ಹತ್ತ್ಯಾರ. ಬುಡಕ ಕೊಡ್ಲಿ ಹಾಕೂ ಮೊದಲ ಕಡ್ಡಿ ತಗದಿಡ್ರಿ. ಪೆನ್ಸಿಲಿನಷ್ಟು ದಪ್ಪ, ನಾಕು ಕಣ್ಣಿಂದು, ತಲಿಕೆಳಗ ಆಗದಂಗ ಊರಬೇಕು. ನಮ್ಮ ಬಳ್ಳೀದು ದಸರಾ ಛಾಟನಿಯಾಗ ತಗೀತೀನಿ. ಬೇಕಾದವರು ಹಸೀ ಗೋಣಿಚೀಲ ತಗೊಂಡು ಬರ್ರಿ, ರೊಕ್ಕ ತರಬ್ಯಾಡ್ರಿ.