ಮಾನವಶಾಸ್ತ್ರ: ಭಾರತದಲ್ಲಿ ಸ್ನಾತಕೋತ್ತರ ವ್ಯಾಸಂಗ

ಭಾರತದಲ್ಲಿ ಮಾನವಶಾಸ್ತ್ರದ ಸ್ನಾತಕೋತ್ತರ ಬೋಧನೆ 1920ರ ಸುಮಾರಿಗೆ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹಾಗೂ ಮೈಸೂರು ವಿಶ್ವವಿದ್ಯಾಲಯಗಳಲ್ಲಿ ಇದರ ವಿಭಾಗಗಳಿವೆ. ಪ್ರವೇಶಕ್ಕೆ ಸ್ನಾತಕ ಪದವಿ ಬೇಕು. ಯಾವ ವಿಷಯದ್ದು, ಎಷ್ಟು ಅಂಕ ಎಂಬ ನಿಯಮ ಒಂದೊಂದು ಕಡೆ ಒಂದೊಂದು ಬಗೆ. ಸಾಮಾಜಿಕ-ಸಾಂಸ್ಕೃತಿಕ, ದೈಹಿಕ, ಪ್ರಾಗೈತಿಹಾಸಿಕ ಶಾಖೆಗಳೆಲ್ಲ ಪಠ್ಯದಲ್ಲಿದ್ದರೂ ವಿದ್ಯಾರ್ಥಿಯ ನಿಜವಾದ ಪರೀಕ್ಷೆ ಕ್ಷೇತ್ರಕಾರ್ಯವೇ. ಸಮುದಾಯವೊಂದರ ನಡುವೆ ಉಳಿದು, ಅದರ ಮಾತು ಕಲಿತು, ವಂಶಾವಳಿ ಬರೆದುಕೊಂಡು, ಕಂಡದ್ದನ್ನು ದಿನದಿನವೂ ದಾಖಲಿಸಿ ವರದಿ ಒಪ್ಪಿಸಬೇಕು. ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ರಾಂಪುರ ಎಂದು ಕರೆದ ಮೈಸೂರು ಸೀಮೆಯ ಹಳ್ಳಿಯಲ್ಲಿ 1948ರಲ್ಲಿ ನಡೆಸಿದ ಅಧ್ಯಯನ ಈ ಕ್ರಮಕ್ಕೆ ಇಂದಿಗೂ ಒಳ್ಳೆಯ ಮಾದರಿ. ಮುಂದಿನ ಸಂಶೋಧನೆಗೆ ಯುಜಿಸಿ ನೆಟ್ ಪರೀಕ್ಷೆಯ ಮೂಲಕ ಶಿಷ್ಯವೇತನ ಪಡೆಯಬಹುದು. ಇಂಥ ಸಂಶೋಧನೆ ನಡೆಸುವ, 1945ರಲ್ಲಿ ಸ್ಥಾಪನೆಯಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣಾಲಯದ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ.