ಬಾಯಿ ಸದಾ ಒಣಗುತ್ತಿದೆಯೇ? ನೀರು ಕುಡಿದರಷ್ಟೇ ಸಾಲದು

‘ಬಾಯಿ ಒಣಗಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಚೆನ್ನಾಗಿ ನೀರು ಕುಡಿಯಿರಿ, ನಿಂಬೆಹಣ್ಣು ಚೀಪಿ, ಸರಿಹೋಗುತ್ತದೆ’ ಎಂಬ ಬಗೆಯ ಸಲಹೆಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತವೆ. ಬಿಸಿಲಲ್ಲಿ ತಿರುಗಿ ಬಂದಾಗಿನ ಬಾಯಾರಿಕೆಗೆ ನೀರೇ ಮದ್ದು, ನಿಜ. ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಬಾಯಿ ಒಣಗುತ್ತಿದ್ದರೆ ಕಾರಣ ಬೇರೆಯೇ ಇರಬಹುದು.

ಜೊಲ್ಲು ಬರೀ ನೀರಲ್ಲ

ನಮ್ಮ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಯುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿರುವ ಮೂರು ಜೊತೆ ದೊಡ್ಡ ಗ್ರಂಥಿಗಳು ಇದರ ಬಹುಪಾಲನ್ನು ತಯಾರಿಸುತ್ತವೆ. ಅದರಲ್ಲಿರುವ ಬೈಕಾರ್ಬೊನೇಟ್ ಹುಳಿಯನ್ನು ತಗ್ಗಿಸುತ್ತದೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಹಲ್ಲಿನ ಹೊರಪದರವನ್ನು ಕಾಯುತ್ತವೆ. ನೀರಿಗೆ ಈ ಶಕ್ತಿ ಇಲ್ಲ. ಹಾಗಾಗಿಯೇ ಜೊಲ್ಲು ಕಡಿಮೆಯಾದವರಿಗೆ ಹುಳುಕು ಹಲ್ಲು, ಬಾಯಲ್ಲಿ ಬಿಳಿ ಪದರ ಕಟ್ಟುವ ಶಿಲೀಂಧ್ರ ಸೋಂಕು, ಬಾಯಿ ವಾಸನೆ ಬೇಗ ಬರುತ್ತವೆ. ಒಣ ರೊಟ್ಟಿ, ಬಿಸ್ಕತ್ತು ನುಂಗಲು ಪ್ರತಿ ತುತ್ತಿಗೂ ನೀರು ಬೇಕಾಗುತ್ತದೆ.

ಕಾರಣಗಳೇನು?

ಸಾಮಾನ್ಯ ಕಾರಣ ನಾವು ನುಂಗುವ ಮಾತ್ರೆಗಳೇ. ಅಲರ್ಜಿ, ಖಿನ್ನತೆ, ಪದೇ ಪದೇ ಮೂತ್ರ ಬರುವುದು, ರಕ್ತದೊತ್ತಡ ಇವುಗಳಿಗೆ ಕೊಡುವ ಕೆಲವು ಔಷಧಿಗಳು ಜೊಲ್ಲನ್ನು ತಗ್ಗಿಸುತ್ತವೆ. ವಯಸ್ಸಾದವರಲ್ಲಿ ತೊಂದರೆ ಹೆಚ್ಚು ಕಾಣಲು ಇದೊಂದು ಮುಖ್ಯ ಕಾರಣ. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪ್ರಮಾಣ ಅಥವಾ ಮಾತ್ರೆಯನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ.

ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ತಲೆ-ಕುತ್ತಿಗೆ ಭಾಗದ ಕ್ಯಾನ್ಸರ್‌ಗೆ ಕೊಡುವ ವಿಕಿರಣ ಚಿಕಿತ್ಸೆ, ಬಾಯಲ್ಲಿ ಉಸಿರಾಡುವ ಅಭ್ಯಾಸ ಕೂಡ ಕಾರಣವಾಗಬಲ್ಲವು. ಬಾಯಿಯ ಜೊತೆ ಕಣ್ಣೂ ಒಣಗಿ ಮರಳು ಬಿದ್ದಂತೆ ಚುಚ್ಚುತ್ತಿದ್ದರೆ ಶೋಗ್ರೆನ್ ಕಾಯಿಲೆಯನ್ನು ಪರೀಕ್ಷಿಸಬೇಕಾಗುತ್ತದೆ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ಎರಗುತ್ತದೆ. ಮಹಿಳೆಯರಲ್ಲೇ ಹೆಚ್ಚು.

ನಿಂಬೆಹಣ್ಣು ಚೀಪಬಹುದೇ?

ಹುಳಿ ತಗುಲಿದರೆ ಬಾಯಲ್ಲಿ ನೀರೂರುವುದು ಸತ್ಯ. ಆದರೆ ಆ ಹುಳಿಯನ್ನು ತೊಳೆಯುವಷ್ಟು ಜೊಲ್ಲು ಇಲ್ಲದ ಬಾಯಲ್ಲಿ ಅದು ಹಲ್ಲನ್ನೇ ಸವೆಸುತ್ತದೆ. ಹುಣಸೆ ಕ್ಯಾಂಡಿ, ಸಕ್ಕರೆ ಪೆಪ್ಪರ್‌ಮಿಂಟ್‌ಗಳೂ ಬೇಡ. ಎಲೆ-ಅಡಿಕೆ ಜಗಿದರೆ ಬಾಯಿ ಒದ್ದೆಯಾದಂತೆ ಅನ್ನಿಸಬಹುದು. ಆದರೆ ತಂಬಾಕಿಲ್ಲದ ಅಡಿಕೆಯೂ ಬಾಯಿ ಕ್ಯಾನ್ಸರ್‌ಗೆ ದಾರಿ ಎಂಬುದು ಸಾಬೀತಾಗಿದೆ.

ಏನು ಮಾಡಬೇಕು?

- ಒಮ್ಮೆಲೇ ಚೊಂಬುಗಟ್ಟಲೆ ಕುಡಿಯುವ ಬದಲು ಆಗಾಗ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರು ಹೇಳಿದ ಮಿತಿ ಮೀರಬಾರದು.
- ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಜಗಿಯಿರಿ. ಜಗಿದಾಗ ಜೊಲ್ಲು ಹೆಚ್ಚುತ್ತದೆ.
- ಫ್ಲೋರೈಡ್ ಇರುವ ಪೇಸ್ಟ್‌ನಲ್ಲಿ ದಿನಕ್ಕೆರಡು ಸಲ ಹಲ್ಲುಜ್ಜಿ.
- ಬೀಡಿ, ಸಿಗರೇಟು, ಮದ್ಯ, ಆಲ್ಕೋಹಾಲ್ ಇರುವ ಮೌತ್‌ವಾಶ್ ಬಿಡಿ. ಕಾಫಿ, ಟೀ ಕಡಿಮೆ ಮಾಡಿ.
- ರಾತ್ರಿ ಜೊಲ್ಲು ಸಹಜವಾಗಿಯೇ ತೀರಾ ಕಡಿಮೆ. ಮಲಗುವಾಗ ಪಕ್ಕದಲ್ಲಿ ನೀರಿರಲಿ.

ಇಷ್ಟಕ್ಕೂ ಬಗ್ಗದಿದ್ದರೆ ಬಾಯಿಗೆ ಹಚ್ಚುವ ಕೃತಕ ಜೊಲ್ಲಿನ ಜೆಲ್, ಸ್ಪ್ರೇಗಳಿವೆ. ಜೊಲ್ಲು ಹೆಚ್ಚಿಸುವ ಪೈಲೋಕಾರ್ಪಿನ್ ಮಾತ್ರೆಯೂ ಇದೆ. ಹತೋಟಿಯಲ್ಲಿಲ್ಲದ ಅಸ್ತಮಾ ಮತ್ತು ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ ಅದು ಆಗದು. ಆದ್ದರಿಂದ ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ.

ಯಾವಾಗ ತಡಮಾಡಬಾರದು?

ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆ ಜೊತೆಗಿದ್ದರೆ ಕೂಡಲೇ ಸಕ್ಕರೆ ಪರೀಕ್ಷೆ ಮಾಡಿಸಿ. ಕಿವಿಯ ಬಳಿ ಊತ, ನುಂಗಲು ಕಷ್ಟ, ವಾಸಿಯಾಗದ ಹುಣ್ಣು ಇದ್ದರೂ ವೈದ್ಯರನ್ನು ಕಾಣಿ. ಹೋಗುವಾಗ ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಕೊಂಡೊಯ್ಯಿರಿ. ಅರ್ಧ ಉತ್ತರ ಅದರಲ್ಲೇ ಸಿಗಬಹುದು.